ಆ ‘ಪೀಂ’ ಯಾರನ್ನು ಕಾಪಾಡಿತು? ಕ್ರೈಂ ಧಾರಾವಾಹಿ ತಂಡಕ್ಕೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಧಾರಾವಾಹಿಯ ನಿರ್ದೇಶಕರಿಗೆ, ಕಥೆ ಬರೆದವರಿಗೆ, ಮತ್ತು ಜಾತಿಯ ಹೆಸರು ಬಂದ ಕಡೆ ಮಾತು ಅಳಿಸಿ ‘ಪೀಂ’ ಅನ್ನುವ ಶಬ್ದ ಹಾಕಿ ಎಂದು ಹೇಳಿದ ಚಾನೆಲ್ಲಿನ ದೊಡ್ಡವರಿಗೆ,

ನಮಸ್ಕಾರ. ನಿಮ್ಮ ಧಾರಾವಾಹಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ವಿಷಯ ಬಿಟ್ಟು ಚಾನೆಲ್ ಹಿಡಿದುಕೊಂಡು ಜಗಳಕ್ಕೆ ನಿಲ್ಲುತ್ತಾರೆ. ನಾನೂ ಒಂದು ಪೀಂ ಹಾಕಿದೆ ಅಂತ ನಗಬೇಡಿ. ನಿಮಗೆ ಪತ್ರ ಯಾರಿಗೆ ಅಂತ ಗೊತ್ತಾಗುತ್ತೆ, ನನಗೆ ಅಷ್ಟು ಸಾಕು.

ಮೊದಲು ನನ್ನ ಪರಿಚಯ. ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿಯಾಗಿದ್ದವಳು. 1986ರಲ್ಲಿ ಸೇರಿದೆ, 2021ರಲ್ಲಿ ನಿವೃತ್ತಿಯಾದೆ. ಮೊದಮೊದಲು ಕನ್ನಡ ಟೈಪ್‌ರೈಟರ್, ಮಧ್ಯೆ ಕಾರ್ಬನ್ ಹಾಳೆ, ಕೈಯೆಲ್ಲ ನೀಲಿ. ಆಮೇಲೆ ಕಂಪ್ಯೂಟರ್ ಬಂತು, ‘ನುಡಿ’ ತಂತ್ರಾಂಶ ಬಂತು. ಯಂತ್ರ ಬದಲಾಯಿತು, ಕೆಲಸ ಅದೇ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುವುದು, ಜಡ್ಜ್ ಸಾಹೇಬರು ಅದನ್ನು ವಾಕ್ಯ ಮಾಡಿ ಹೇಳುವುದು, ನಾನು ಬಡಿಯುವುದು. ಹಾಗಾಗಿ ಕ್ರೈಂ ಧಾರಾವಾಹಿ ಅಂದರೆ ನಮ್ಮ ಮನೆಯಲ್ಲಿ ನನ್ನನ್ನು ಎಲ್ಲರೂ ಹೆದರಿಕೊಂಡೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ‘ಅದು ಹಾಗಲ್ಲ’, ‘ಇದು ಹೀಗಲ್ಲ’ ಅಂತ ನನ್ನ ಕಾಟ.

ನಿಮ್ಮದು ಶನಿವಾರ, ಭಾನುವಾರ ರಾತ್ರಿ ಎರಡು ಕಂತಿನಲ್ಲಿ ಬಂದ ಕಥೆ. ನಾಲೆ ಏರಿ ಮೇಲೆ ಒಂದು ಬೈಕು ನಿಂತಿದೆ. ಮಾರನೆಯ ದಿನ ತೂಬಿನ ಹತ್ತಿರ ಹುಡುಗನ ಹೆಣ. ಕುಡಿದು ಬಿದ್ದ ಅಂತ ಊರು ಹೇಳುತ್ತೆ. ಲೇಡಿ ಇನ್‌ಸ್ಪೆಕ್ಟರ್ ನಂಬುವುದಿಲ್ಲ. ಹುಡುಗ ಪರಿಶಿಷ್ಟ ಜಾತಿಯವನು, ಪ್ರೀತಿಸಿದ ಹುಡುಗಿ ಊರಿನ ದೊಡ್ಡ ಮನೆಯವಳು. ಕೊನೆಗೆ ಆರು ಜನ ಸಿಕ್ಕಿಬೀಳುತ್ತಾರೆ. ಮೊದಲ ಸಲ ಬಂದಾಗ ದೊಡ್ಡ ಮನೆಯವರ ಜಾತಿಯ ಹೆಸರು ಮೂರು ಸಲ ಬಾಯಿಬಿಟ್ಟು ಹೇಳಿದಿರಿ. ಒಂದು ವಾರ ಗಲಾಟೆ ಆಯಿತು. ಮುಂದಿನ ಶನಿವಾರ ಮಧ್ಯಾಹ್ನ ಮರುಪ್ರಸಾರ ಮಾಡಿದಾಗ ಮೂರೂ ಕಡೆ ‘ಪೀಂ’. ಮೊಬೈಲಿನಲ್ಲಿ ನೋಡಿದರೆ ಅಲ್ಲೂ ‘ಪೀಂ’.

ಮರುಪ್ರಸಾರಕ್ಕೆ ಮನೆಯಲ್ಲಿ ಎಲ್ಲರೂ ಇದ್ದರು. ನನ್ನ ಎಂಟು ವರ್ಷದ ಮೊಮ್ಮಗ ಕೇಳಿದ, ‘ಅಜ್ಜಿ, ಪೀಂ ಅಂದ್ರೆ ಯಾರು?’

ನನ್ನ ನಾದಿನಿ ಹೇಳಿದಳು, ‘ನಾವೇ ಕಣ್ಲಾ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಸಂಜೆಯವರೆಗೂ ‘ನಾನು ಪೀಂ, ನಾನು ಪೀಂ’ ಅಂತ ಮನೆಯೆಲ್ಲ ಓಡಾಡಿಕೊಂಡಿದ್ದ. ಅದನ್ನು ಕೇಳಿಕೊಂಡು ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಾಗಲೇ ಈ ಪತ್ರ ಬರೆಯಬೇಕು ಅಂತ ಅನ್ನಿಸಿತು.

ನಾದಿನಿ ಹೇಳಿದ್ದು ನಿಜ. ನಾವು ಒಕ್ಕಲಿಗರು. ಆ ಪೀಂ ನಮ್ಮದೇ. ನಮ್ಮ ಹೆಸರು ತೆಗೆದಿದ್ದಕ್ಕೆ ನನ್ನ ಬಂಧುಗಳಲ್ಲಿ ಎಷ್ಟೋ ಜನ ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ. ನಾನು ಹೇಳುವುದಿಲ್ಲ.

ಗಲಾಟೆ ಅಂದೆನಲ್ಲ, ಅದು ಹೇಗಿತ್ತು ಅಂತ ನಿಮಗೆ ಬೆಂಗಳೂರಿನಲ್ಲಿ ಕೂತು ಪೂರ್ತಿ ಗೊತ್ತಾಗಿರಲಿಕ್ಕಿಲ್ಲ. ನಿಮಗೆ ಬಂದಿದ್ದು ಇಮೇಲು, ಫೋನು. ನಮಗೆ ಬಂದಿದ್ದು ಮಾತು. ಬೆಳಗ್ಗೆ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತವರು, ‘ನಮ್ಮೋರ್ ಮಾನ ತೆಗ್ದವ್ರೆ ಕಣಕ್ಕ’ ಅಂದರು. ನಾನು ‘ಕೊಲೆ ಆಗಿದ್ದು ಯಾರದು?’ ಅಂದೆ. ‘ಅದು ಬುಡಿ, ಕಥೆ’ ಅಂದರು. ಮಾನ ಹೋಗಿದ್ದು ನಿಜ, ಕೊಲೆ ಮಾತ್ರ ಕಥೆ!

ಮೈಸೂರಿಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಇನ್ನೊಂದು ಥರ. ದಿನಾ ಕೆಲಸಕ್ಕೆ ಹೋಗಿಬರುವ ಹೆಂಗಸರು. ಮಂಡ್ಯದಿಂದ ಪಾಂಡವಪುರದವರೆಗೆ ಲೇಡಿ ಇನ್‌ಸ್ಪೆಕ್ಟರ್ ಸೀರೆ ಉಟ್ಟಿದ್ದ ದೃಶ್ಯದ ಬಗ್ಗೆ ಮಾತು. ಶ್ರೀರಂಗಪಟ್ಟಣ ದಾಟಿದ ಮೇಲೆ ಒಬ್ಬರು, ‘ಆ ಹುಡುಗಿ ಸುಮ್ನೆ ಓದ್ಕೊಂಡಿದ್ದಿದ್ರೆ ಹುಡುಗನೂ ಬದುಕ್ತಿದ್ದ ಅಲ್ವಾ’ ಅಂದರು. ಕೇಡು ಬಯಸಿ ಹೇಳಿದ ಮಾತಲ್ಲ. ನಿಜವಾಗಿಯೂ ಮರುಗಿ ಹೇಳಿದ್ದು. ಅದಕ್ಕೇ ನನಗೆ ಉತ್ತರ ಕೊಡೋಕೆ ಆಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ಬೀದಿಯ ಹುಡುಗಿಯೊಬ್ಬಳ ಮಾತು. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ‘ಎಲ್ಲ ಜಾತಿಯವರೂ ಒಟ್ಟಿಗೆ ಕೂತು ನೋಡಿದ್ವಿ ಆಂಟಿ. ಮುಗಿದ ಮೇಲೆ ಯಾರೂ ಮಾತಾಡ್ಲಿಲ್ಲ. ದಿನಾ ಹನ್ನೊಂದೂವರೆವರೆಗೆ ಹರಟೆ ಹೊಡೀತಿದ್ವಿ. ಅವತ್ತು ಎಲ್ಲರೂ ಬೇಗ ಲೈಟ್ ಆರಿಸಿದ್ರು.’ ನಿಮ್ಮ ಟಿಆರ್‌ಪಿ ಲೆಕ್ಕದಲ್ಲಿ ಆ ಆರಿದ ಲೈಟು ಬರುವುದಿಲ್ಲ. ಆದರೆ ನಿಮಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಪ್ರತಿಕ್ರಿಯೆ ಅದೇ ಇರಬೇಕು.

ಈಗ ಪೀಂ ವಿಷಯ.

ನಮ್ಮ ಕಡೆ ‘ದ್ವೇಷ’ ಅಂದರೆ ಬೇರೆಯೇ ಅರ್ಥ. ಎಫ್‌ಐಆರ್‌ಗಳಲ್ಲಿ ‘ಹಳೇ ದ್ವೇಷದ ಹಿನ್ನೆಲೆಯಲ್ಲಿ’ ಅಂತ ಇರುತ್ತೆ. ಪೇಪರಿನವರು ‘ಹಳೇ ವೈಷಮ್ಯ’ ಅಂತ ಬರೆಯುತ್ತಾರೆ. ಬದುವಿನ ಜಗಳ, ಪಂಚಾಯ್ತಿ ಚುನಾವಣೆ, ಕೊಟ್ಟ ಸಾಲ. ಅಂದರೆ ದ್ವೇಷಕ್ಕೆ ಇಬ್ಬರು ಬೇಕು, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಬೇಕು. ದ್ವೇಷಾಪರಾಧ, ಅಂದರೆ ಒಬ್ಬನ ಜಾತಿ, ಸಮುದಾಯ ನೋಡಿ ಮಾಡುವ ಅಪರಾಧ, ಹಾಗಲ್ಲ. ನಿಮ್ಮ ಕಥೆಯಲ್ಲೇ ನೋಡಿ, ಆ ಆರು ಜನರಲ್ಲಿ ನಾಲ್ವರು ಹುಡುಗನನ್ನು ಒಂದು ಸಲವೂ ಮಾತಾಡಿಸಿದವರಲ್ಲ. ಅವನ ಮೇಲೆ ಅವರಿಗೆ ಸಿಟ್ಟು ಇರಲೇ ಇಲ್ಲ. ಅವನು ಯಾರ ಮಗ, ಯಾವ ಕೇರಿಯವನು, ಇಷ್ಟೇ ಸಾಕಾಯಿತು. ಆ ಕೇರಿ, ಈ ಕೇರಿ ಎರಡನ್ನೂ ಅಳಿಸಿದರೆ ಉಳಿಯುವುದೇನು? ಆರು ಜನ ಕಾರಣವಿಲ್ಲದೆ ಒಬ್ಬನನ್ನು ಕೊಂದರು. ಅದು ಹುಚ್ಚರ ಕಥೆ. ನಮ್ಮೂರ ಕಥೆ ಅಲ್ಲ.

ಕಾನೂನು ಕೂಡ ಹೀಗೇ ಕೇಳುತ್ತೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 103ನೇ ಸೆಕ್ಷನ್ನಿನ ಎರಡನೇ ಭಾಗ ಓದಿ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆ, ಹುಟ್ಟಿದ ಜಾಗ ಇಂಥ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ನಿಮ್ಮ ಆರು ಜನ ಅದರೊಳಗೆ ಸರಿಯಾಗಿ ಕೂರುತ್ತಾರೆ. ಆದರೆ ‘ಜಾತಿಯ ಕಾರಣಕ್ಕೆ’ ಅಂತ ಸಾಬೀತು ಮಾಡಬೇಕು. ಪೀಂ ಕಾರಣಕ್ಕೆ ಅಂತ ಸಾಬೀತು ಮಾಡೋಕೆ ಆಗುತ್ತಾ?

ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರದ್ದು, ಜಾರಿಯಾಗಿದ್ದು 1990ರ ಜನವರಿ 30ರಂದು. ನಾನು ಆಗಿನ್ನೂ ಕೆಲಸಕ್ಕೆ ಹೊಸಬಳು. ಊರಲ್ಲಿ ಎಲ್ಲರೂ ‘ಅಟ್ರಾಸಿಟಿ ಕೇಸು’ ಅಂತಾರಲ್ಲ, ಅದೇ. ಆ ಕೇಸುಗಳಲ್ಲಿ ದೂರು ಕೊಟ್ಟವರ ಜಾತಿ ಪ್ರಮಾಣಪತ್ರ ತಹಸೀಲ್ದಾರರಿಂದ ಬರಬೇಕು. ಆರೋಪಿಯ ಜಾತಿಯೂ ದಾಖಲಾಗಬೇಕು. ಒಂದು ಕಾಗದ ಕಮ್ಮಿಯಾದರೆ ಸೆಕ್ಷನ್ನೇ ಬಿದ್ದುಹೋಗಬಹುದು. ಮೊದಲೆಲ್ಲ ಕೊಲೆಯಂಥ ದೊಡ್ಡ ಅಪರಾಧದಲ್ಲಿ, ಅವನು ಪರಿಶಿಷ್ಟ ಜಾತಿಯವನು ‘ಎಂಬ ಕಾರಣಕ್ಕೆ’ ಮಾಡಿದ್ದು ಅಂತ ತೋರಿಸಬೇಕಿತ್ತು. ಆ ಒಂದು ಮಾತಿನ ಮೇಲೆ ವಕೀಲರು ಗಂಟೆಗಟ್ಟಲೆ ವಾದ ಮಾಡಿದ್ದನ್ನು ಕೇಳಿದ್ದೇನೆ. 2015ರಲ್ಲಿ ತಿದ್ದುಪಡಿಯಾಗಿ, 2016ರ ಜನವರಿ 26ರಿಂದ, ಅವನ ಜಾತಿ ‘ಗೊತ್ತಿದ್ದೂ’ ಮಾಡಿದರೆ ಸಾಕು ಅಂತ ಆಯಿತು. ಒಂದು ಪದ ಬದಲಾಗೋಕೆ ಇಪ್ಪತ್ತೈದು ವರ್ಷ ಹಿಡಿಯಿತು. ನೀವು ಒಂದೇ ವಾರದಲ್ಲಿ ಮೂರು ಪದ ತೆಗೆದಿರಿ.

ಒಂದು ಹಳೆಯ ವಿಷಯ ಹೇಳುತ್ತೇನೆ. ಜಾತಿ ಹಿಡಿದು ಬೈದ ಕೇಸುಗಳಲ್ಲಿ ಸಾಕ್ಷಿಗಳಿಗೆ ಆ ಮಾತು ಬಾಯಿಗೆ ಬರುವುದಿಲ್ಲ. ‘ಅದೇ ಸ್ವಾಮಿ, ಆ ಮಾತು ಅಂದ್ರು’ ಅಂತಾರೆ. ‘ಯಾವ ಮಾತಪ್ಪ?’ ಅಂದರೆ ತಲೆ ತಗ್ಗಿಸುತ್ತಾರೆ. ಬೈಸಿಕೊಂಡವರಿಗೇ ನಾಚಿಕೆ. ಮೊದಲ ಸಲ ಅಂಥ ಮಾತು ಕಟಕಟೆಯಿಂದ ಬಂದಾಗ ನನ್ನ ಬೆರಳೂ ನಿಂತಿತು. ಜಾತಿ ಹೆಸರಿನ ಜೊತೆ ಅಮ್ಮನ ಹೆಸರೂ ಸೇರಿದ ಬೈಗುಳ. ನಾನು ‘ಅವಾಚ್ಯವಾಗಿ ಬೈದರು’ ಅಂತ ಹೊಡೆಯೋಕೆ ಹೊರಟೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, ‘ಹೇಳಿದ ಹಾಗೇ ಬರೀಮ್ಮ. ನೀನು ತಿದ್ದಿದ್ರೆ ನಾಳೆ ಇವರಿಗೆ ಏನೂ ಉಳಿಯಲ್ಲ’ ಅಂದರು. ಬರೆದೆ. ಆಮೇಲೆ ಮೂವತ್ತು ವರ್ಷ ಹೇಳಿದ ಹಾಗೇ ಬರೆದೆ. ನಿಮ್ಮ ಎಡಿಟಿಂಗ್ ರೂಮಿನಲ್ಲಿ ಅಂಥ ಒಬ್ಬರು ಇರಲಿಲ್ಲ ಅಂತ ಕಾಣುತ್ತೆ.

ಆಕ್ಷೇಪ ಎತ್ತಿದವರು ಕಾರ್ಯಕ್ರಮ ಸಂಹಿತೆಯ ಮಾತಾಡಿದರಂತೆ. 1994ರ ಕೇಬಲ್ ಟಿವಿ ನಿಯಮಗಳ 6ನೇ ನಿಯಮ. ಸಮುದಾಯಗಳ ಮೇಲೆ ದಾಳಿ ಮಾಡುವಂಥದ್ದನ್ನು ತೋರಿಸಬಾರದು ಅಂತ ಅದರಲ್ಲಿ ಇರುವುದು ನಿಜ. ಒಳ್ಳೆಯ ನಿಯಮ, ಬೇಕಾದ ನಿಯಮ. ಆದರೆ ಒಂದು ಜಾತಿಯ ಆರು ಜನ ಕೊಲೆ ಮಾಡಿದರು ಅಂತ ತೋರಿಸುವುದೂ, ಆ ಜಾತಿಯವರೆಲ್ಲ ಕೊಲೆಗಾರರು ಅಂತ ಹೇಳುವುದೂ ಒಂದೇ ಏನು? ನೀವು ಎರಡನೆಯದನ್ನು ಮಾಡಿರಲಿಲ್ಲ. ಹುಡುಗಿಯ ತಾತನ ಪಾತ್ರ ಇತ್ತಲ್ಲ, ‘ಮಗು ಆಸೆಪಟ್ಟದೆ, ಬಿಟ್ಬುಡ್ರಲಾ’ ಅನ್ನುವ ಮುದುಕ, ಅವನೂ ನಮ್ಮವನೇ. ಪೀಂ ಹಾಕಿದ ಮೇಲೆ ಅವನೂ ಯಾರೂ ಅಲ್ಲದವನಾದ. ಮೈಸೂರಿನಲ್ಲಿ ಕೂತು ಮಂತ್ರಮಾಂಗಲ್ಯ ಕೊಟ್ಟ ಕುವೆಂಪು ನಮ್ಮವರು ಅಂತ ಹೇಳಿಕೊಳ್ಳುವಾಗ ಜಾತಿಯ ಹೆಸರು ಸಿಹಿಯಾಗಿರುತ್ತೆ. ಆಗ ಯಾರೂ ಪೀಂ ಹಾಕಿ ಅನ್ನುವುದಿಲ್ಲ.

ಅದೇ ಕೇಬಲ್ ಟಿವಿ ನಿಯಮಗಳಿಗೆ 2021ರ ತಿದ್ದುಪಡಿ ಬಂದ ಮೇಲೆ ವೀಕ್ಷಕರು ದೂರು ಕೊಟ್ಟರೆ ಚಾನೆಲ್ ಹದಿನೈದು ದಿನದಲ್ಲಿ ಉತ್ತರ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಮೇಲಿನ ಮಂಡಳಿಗೆ ಹೋಗಬಹುದು. ನೀವು ಆ ಹದಿನೈದು ದಿನವನ್ನೂ ಕಾಯಲಿಲ್ಲ. ಯಾರಿಗೂ ಉತ್ತರವನ್ನೂ ಕೊಡಲಿಲ್ಲ. ಸುಮ್ನೆ ಪೀಂ ಹಾಕಿ ಕೈತೊಳೆದುಕೊಂಡಿರಿ. ಕೂಗಿದವರಿಗೆ ತಾವು ಕೂಗಿದ್ದೇ ಸರಿ ಅಂತ ಆಯಿತು.

ನಮ್ಮ ಜಿಲ್ಲೆ ಹಾಗಿಲ್ಲ, ಸುಮ್ನೆ ಮಂಡ್ಯಕ್ಕೆ ಕೆಟ್ಟ ಹೆಸರು ತರುತ್ತಾರೆ ಅಂತಲೂ ಕೆಲವರು ಹೇಳಿದರು. ಮದ್ದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ 2011ರಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ತಪ್ಪಿಗೆ ಹುಡುಗಿಯೊಬ್ಬಳ ಜೀವ ಹೋದದ್ದು ರಾಜ್ಯವೇ ಓದಿದ ಸುದ್ದಿ. ಪಕ್ಕದ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ 2022ರ ಜೂನ್‌ನಲ್ಲಿ ಅಂಥದ್ದೇ ಇನ್ನೊಂದು. ಅಪ್ಪನ ಮೇಲೆಯೇ ಆರೋಪ. ತನಗೇನಾದರೂ ಆದರೆ ಮನೆಯವರೇ ಕಾರಣ ಅಂತ ಆ ಹುಡುಗಿ ಮೊದಲೇ ಪೊಲೀಸರಿಗೆ ಬರೆದಿದ್ದಳು. ಇವೆರಡನ್ನೂ ಯಾವ ಕಥೆಗಾರರೂ ಕಟ್ಟಿದ್ದಲ್ಲ. ಇನ್ನೂ ಒಂದು ವಿಷಯ ಜನರಿಗೆ ಗೊತ್ತಿಲ್ಲ. ಸತ್ತ ಹುಡುಗಿ ಪರಿಶಿಷ್ಟ ಜಾತಿಯವಳಲ್ಲ ಅಂದರೆ ಅವಳ ಕೊಲೆಗೆ ಅಟ್ರಾಸಿಟಿ ಕಾಯ್ದೆ ಬರುವುದಿಲ್ಲ. ಬರೀ ಕೊಲೆ ಕೇಸು. ಅವಳನ್ನು ಕೊಂದಿದ್ದು ಜಾತಿಯೇ ಆದರೂ ಕಾಗದದಲ್ಲಿ ಅದು ಕಾಣುವುದಿಲ್ಲ. ಅಲ್ಲೂ ಒಂದು ಪೀಂ.

ಬರೀ ಪೀಂ ಬಗ್ಗೆ ಜಗಳ ಆಡಿ ಮುಗಿಸಿದರೆ ನನಗೆ ಸಮಾಧಾನವಿಲ್ಲ. ನಿಮ್ಮ ಕಥೆಯ ಮೇಲೂ ನನಗೆ ತಕರಾರು ಇದೆ.

ಸಣ್ಣವು ಮೊದಲು. ನಿಮ್ಮ ಇನ್‌ಸ್ಪೆಕ್ಟರಮ್ಮ ಒಬ್ಬರೇ ಎಲ್ಲ ತನಿಖೆ ಮಾಡಿ ಮುಗಿಸುತ್ತಾರೆ. ಅಟ್ರಾಸಿಟಿ ಕೇಸನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಮಾಡಿದರೆ ಆರೋಪಿ ಪರ ವಕೀಲರಿಗೆ ಹಬ್ಬ. ಎರಡನೇ ಕಂತಿನಲ್ಲಿ ಚಿಕ್ಕಪ್ಪ ನಿರೀಕ್ಷಣಾ ಜಾಮೀನು ತಂದು ಮೀಸೆ ತಿರುವುತ್ತಾನೆ. ಆ ಕಾಯ್ದೆಯ 18ನೇ ಸೆಕ್ಷನ್ ಅದಕ್ಕೇ ಅಡ್ಡ ನಿಂತಿದೆ. ಒಬ್ಬ ವಕೀಲರನ್ನು ಕೇಳಿದ್ದರೆ ಹೇಳುತ್ತಿದ್ದರು. ಆ ಮೀಸೆ ಕೂಡ ಬೇಡವಾಗಿತ್ತು. ಕೆಟ್ಟವನಿಗೆ ಮೀಸೆ, ಜೀಪು, ಕೆಂಪು ಕಣ್ಣು ಎಲ್ಲ ಕೊಟ್ಟರೆ ಸೋಫಾ ಮೇಲೆ ಕೂತವರಿಗೆ ಆರಾಮ. ‘ನಾವೇನು ಹಂಗಿದೀವಾ’ ಅಂತ ಚಕ್ಕುಲಿ ಮುರಿಯಬಹುದು. ಹುಡುಗಿಯ ಅಮ್ಮ ಬಾಗಿಲಲ್ಲಿ ನಿಂತು, ಅವರು ಹೊರಡುವುದನ್ನು ನೋಡಿಯೂ ಚಿಲಕ ಹಾಕಿಕೊಳ್ಳುತ್ತಾಳಲ್ಲ, ಅದು ನಿಮ್ಮ ಇಡೀ ಧಾರಾವಾಹಿಯ ಒಳ್ಳೆಯ ದೃಶ್ಯ. ನಾಲ್ಕೇ ಸೆಕೆಂಡು ಇಟ್ಟಿರಿ.

ದೊಡ್ಡ ತಕರಾರು ನಿಮ್ಮ ಸಾಕ್ಷಿಯ ಬಗ್ಗೆ. ಹಾಲು ಹಾಕುವವನು ಏರಿ ಮೇಲೆ ಎಲ್ಲ ನೋಡಿರುತ್ತಾನೆ. ಮಾರನೆಯ ದಿನವೇ ಸ್ಟೇಷನ್ನಿಗೆ ಬಂದು, ಎದೆಯುಬ್ಬಿಸಿ ಹೇಳುತ್ತಾನೆ. ಹಿಂದೆ ಮ್ಯೂಸಿಕ್ಕು. ಕೇಸ್ ಖತಂ. ನಾನು ಎದ್ದು ಅಡುಗೆಮನೆಗೆ ಹೋದೆ.

ನಾನು ಬಡಿದ ಸಾಕ್ಷ್ಯಗಳಲ್ಲಿ ಜಾಸ್ತಿ ಬಂದ ಸಾಲು ಯಾವುದು ಗೊತ್ತಾ? ‘ನನಗೆ ಈ ಕೇಸಿನ ಬಗ್ಗೆ ಏನೂ ಗೊತ್ತಿಲ್ಲ. ನಾನು ಪೊಲೀಸರ ಮುಂದೆ ಹೇಳಿಕೆ ಕೊಟ್ಟಿರುವುದಿಲ್ಲ.’ ಮಹಜರಿಗೆ ಸಹಿ ಹಾಕಿದ ಪಂಚರು ಬಂದರೆ, ‘ಸಹಿ ನನ್ನದೇ, ಅದರಲ್ಲಿ ಏನು ಬರೆದಿತ್ತು ಗೊತ್ತಿಲ್ಲ.’ ಆಗ ಸರ್ಕಾರಿ ವಕೀಲರು ಎದ್ದು, ಸಾಕ್ಷಿ ತಿರುಗಿಬಿದ್ದಿದ್ದಾರೆ, ಪಾಟೀಸವಾಲಿಗೆ ಅನುಮತಿ ಕೊಡಿ ಅಂತಾರೆ. ಆಮೇಲೆ ಬರುವ ಸಾಲು: ‘ನಾನು ಆರೋಪಿಗಳ ಜೊತೆ ರಾಜಿಯಾಗಿ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಈ ‘ಎಂದರೆ ಸರಿಯಲ್ಲ’ ಅನ್ನುವುದನ್ನು ನಾನು ಕಣ್ಣು ಮುಚ್ಚಿಕೊಂಡು ಟೈಪ್ ಮಾಡಬಲ್ಲೆ.

ಒಂದು ಕೇಸು. ಊರು, ಹೆಸರು ಬೇಡ. ಸೊಪ್ಪು ಮಾರುವ ಹೆಂಗಸು ನಾಲ್ಕನೇ ಸಾಕ್ಷಿ. ಪೊಲೀಸರ ಮುಂದೆ ಎಲ್ಲ ಬಿಡಿಸಿ ಹೇಳಿದ್ದವಳು. ಕೋರ್ಟಿಗೆ ಬಂದು ‘ನಂಗೇನೂ ಗೊತ್ತಿಲ್ಲ ಸ್ವಾಮಿ’ ಅಂದಳು. ಓದಿ ಹೇಳಿದ್ದಾಯಿತು, ಹೆಬ್ಬೆಟ್ಟು ಒತ್ತಿಸಿದ್ದಾಯಿತು. ಮಧ್ಯಾಹ್ನ ಹೊರಗೆ ಟೀ ಅಂಗಡಿ ಹತ್ತಿರ ಅವಳೇ ನನ್ನ ಹತ್ತಿರ ಬಂದಳು. ‘ಬಯ್ಕೋಬೇಡಿ ಕಣವ್ವ. ನಮ್ಗಿರೋದು ಹದಿನೈದು ಗುಂಟೆ. ನಾಲೆ ನೀರು ಅವ್ರ ಗದ್ದೆ ಮೇಲಿಂದ್ಲೇ ಬರ್ಬೇಕು.’ ಅಷ್ಟೇ. ಕತ್ತಿ ತೋರಿಸಲಿಲ್ಲ, ಫೋನ್ ಮಾಡಿ ಹೆದರಿಸಲಿಲ್ಲ. ಕಟ್ಟು ನೀರು ಬಿಟ್ಟಾಗ ಮೇಲಿನ ಗದ್ದೆಯವರು ಮಡೆ ಕಟ್ಟಿಬಿಟ್ಟರೆ ಭತ್ತ ಒಣಗುತ್ತೆ. ಮಂಡ್ಯದಲ್ಲಿ ಹೊಟ್ಟೆಗೆ ಹೊಡೆಯೋಕೆ ಇಷ್ಟು ಸಾಕು. ಆ ಕೇಸು ಖುಲಾಸೆಯಾಯಿತು.

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ನೆನಪಿದೆಯಾ? 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿಗಳು ತಿರುಗಿಬಿದ್ದಿದ್ದರು. ಆ ತೀರ್ಪು ಬಂದ ವಾರ ಕೋರ್ಟಿನ ವರಾಂಡದಲ್ಲಿ ನಾವು ಯಾರೂ ಆಶ್ಚರ್ಯಪಡಲಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಹಾಕಿದ ಕೇಸಿಗೆ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಕೊಟ್ಟಿತು. ಮೇಲ್ಮನವಿ ಅದರ ಪಾಡಿಗೆ ಹೈಕೋರ್ಟಿಗೆ ಹೋಯಿತು. ಆದರೆ ಹತ್ತು ವರ್ಷ ಮಾತು ಬದಲಿಸದೆ ನಿಂತ ಸಾಕ್ಷಿಗಳಿದ್ದರಲ್ಲ, ಅವರು ಹೇಗೆ ನಿಂತರು? ಆ ಹತ್ತು ವರ್ಷ ಅವರು ಯಾವ ಅಂಗಡಿಯಲ್ಲಿ ಸಾಮಾನು ತಂದರು, ಯಾರ ಹೊಲಕ್ಕೆ ಕೂಲಿಗೆ ಹೋದರು? ನನಗೆ ಆ ಧಾರಾವಾಹಿ ನೋಡಬೇಕು. ಕೊಲೆ ಮಾಡಿದ್ದು ಯಾರು ಅನ್ನುವುದು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಎಲ್ಲರಿಗೂ ಗೊತ್ತಿರುತ್ತೆ. ಅದನ್ನು ಕಂಡುಹಿಡಿಯೋಕೆ ಎರಡು ಕಂತು ಯಾಕೆ? ಗೊತ್ತಿದ್ದವರು ಹೇಳುತ್ತಾರಾ ಇಲ್ಲವಾ, ಅದು ಸಸ್ಪೆನ್ಸು.

ಸಾಕ್ಷಿಗಳಿಗೆ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. ಅಟ್ರಾಸಿಟಿ ಕಾಯ್ದೆಯ ಅದೇ 2015ರ ತಿದ್ದುಪಡಿಯಲ್ಲಿ 15ಎ ಅಂತ ಒಂದು ಸೆಕ್ಷನ್ ಬಂತು. ಸಾಕ್ಷಿಗಳಿಗೆ ರಕ್ಷಣೆ, ಓಡಾಟದ ಖರ್ಚು, ಬೇಕಾದರೆ ಬೇರೆ ಕಡೆ ಮನೆ. ವಿಚಾರಣೆಯನ್ನು ವಿಡಿಯೋ ಮಾಡಬೇಕು ಅಂತಲೂ ಇದೆ. ಊರಿನವರು ಬಹಿಷ್ಕಾರ ಹಾಕಿದರೆ, ಹಾಕುತ್ತೇವೆ ಅಂತ ಹೆದರಿಸಿದರೆ ಅದೇ ಒಂದು ಅಪರಾಧ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಗೂ ಒಪ್ಪಿಗೆ ಕೊಟ್ಟಿದೆ. ಸೊಪ್ಪಿನವಳಿಗೆ ಇದೆಲ್ಲ ಯಾರು ಹೇಳಬೇಕು? ಅವಳ ಮನೆಯಲ್ಲಿ ಟಿವಿ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಧಾರಾವಾಹಿಯಲ್ಲಿ ಒಬ್ಬ ಬೀಡಿ ಹಚ್ಚಿದರೆ ಸಾಕು, ಕೆಳಗೆ ‘ಆರೋಗ್ಯಕ್ಕೆ ಹಾನಿಕರ’ ಅಂತ ಪಟ್ಟಿ ಬರುತ್ತೆ. ಆರು ಜನ ಒಬ್ಬನನ್ನು ನಾಲೆಗೆ ಎಳೆದುಕೊಂಡು ಹೋಗುವಾಗ ಕೆಳಗೆ ಏನೂ ಇರಲಿಲ್ಲ. ದೌರ್ಜನ್ಯಕ್ಕೆ ಒಳಗಾದವರಿಗೆ ಅಂತಲೇ 14566 ಅನ್ನುವ ಸಹಾಯವಾಣಿ ಇದೆ. ಆ ಐದು ಅಂಕಿ ಹಾಕೋಕೆ ಎಷ್ಟು ಜಾಗ ಬೇಕು?

ದೂರು ಕೊಟ್ಟ ನಮ್ಮವರಿಗೂ ಒಂದು ಮಾತು, ಇದೇ ಪತ್ರದಲ್ಲಿ ಹೇಳಿಬಿಡುತ್ತೇನೆ. ಟಿವಿಯಲ್ಲಿ ಹೆಸರು ಬಂದಿದ್ದಕ್ಕೆ ಒಂದು ವಾರದಲ್ಲಿ ಅಷ್ಟು ಜನ ಸೇರಿದಿರಿ, ಫೋನ್ ಮಾಡಿದಿರಿ, ಮನವಿ ಬರೆದಿರಿ. ನಿಮಗೆ ಒಗ್ಗಟ್ಟು ಬರುತ್ತೆ ಅಂತ ಆಯಿತು. ನಿಮ್ಮ ಊರಿನಲ್ಲಿ ಅಂಥ ಒಂದು ಕೇಸು ನಡೆಯುತ್ತಿದ್ದರೆ, ಅದರ ಸಾಕ್ಷಿಯ ಗದ್ದೆಗೆ ನೀರು ಬಿಡಿ. ಅಷ್ಟು ಮಾಡಿದರೆ ನಿಮ್ಮ ಮನವಿಗೆ ನಾನೂ ಸಹಿ ಹಾಕುತ್ತೇನೆ.

ನಿರ್ದೇಶಕರೇ, ಆ ಮೂರು ಪದ ವಾಪಸ್ ಹಾಕಿ. ಮೂರನೇ ಕಂತು ಮಾಡುವ ಮನಸ್ಸಿದ್ದರೆ ಹಾಲಿನವನನ್ನು ಕೋರ್ಟಿಗೆ ಕರೆತನ್ನಿ. ಅವನು ಹೇಳಲಿ, ಇಲ್ಲ ತಿರುಗಿಬೀಳಲಿ, ಅದು ನಿಮ್ಮ ಇಷ್ಟ. ಆದರೆ ಹಿಂದಿನ ರಾತ್ರಿ ಅವನ ಮನೆಗೆ ಯಾರ್ಯಾರು ಬಂದು ಕಾಫಿ ಕುಡಿದು ಹೋದರು ಅಂತ ತೋರಿಸಿ. ಸಾಕ್ಷ್ಯ ಬರೆದುಕೊಳ್ಳುವ ದೃಶ್ಯಕ್ಕೆ ಬೇಕಾದರೆ ನನ್ನನ್ನು ಕರೆಯಿರಿ, ಸಂಭಾವನೆ ಬೇಡ. ಬೆಳಗಿನ ರೈಲಿಗೆ ಬಂದುಬಿಡುತ್ತೇನೆ. ಮನೆಯಲ್ಲಿ ಹಳೆಯ ಕನ್ನಡ ಟೈಪ್‌ರೈಟರ್ ಒಂದಿದೆ, ‘ಳ’ ಸ್ವಲ್ಪ ಹಿಡಿಯುತ್ತೆ, ಉಳಿದದ್ದೆಲ್ಲ ಸರಿಯಾಗಿದೆ.

ಇತಿ,
ನಿಮ್ಮ ಒಬ್ಬ ವೀಕ್ಷಕಿ
ನಿವೃತ್ತ ಬೆರಳಚ್ಚುಗಾರ್ತಿ, ಮಂಡ್ಯ